ರಂಧ್ರದ ಅಳತೆಯಾಚೆಗೂ ನೋಡಿ: ಪರಿಸರ ಸಂಶೋಧನೆಗೆ ಹಣ ಮಂಜೂರು ಮಾಡುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀರನ್ನೂ ಗಾಳಿಯನ್ನೂ ಶುದ್ಧಗೊಳಿಸುವ ಹೊಸ ವಸ್ತುಗಳ ಸಂಶೋಧನೆಯಲ್ಲಿ ಯಾರಿಗೆ ಹಣ ಕೊಡಬೇಕು, ಯಾರ ಲೇಖನ ಪ್ರಕಟವಾಗಬೇಕು, ಯಾರ ಪ್ರಬಂಧ ಪದವಿಗೆ ಅರ್ಹ ಎಂದು ತೀರ್ಮಾನಿಸುವ ಸಮಿತಿಗಳಲ್ಲಿ ಕೂರುವ ತಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ನಾನು ವಸ್ತು ರಸಾಯನಶಾಸ್ತ್ರಜ್ಞೆ. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸರಂಧ್ರ ವಸ್ತುಗಳನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ತುಂಬಿದ ಘನವಸ್ತುಗಳನ್ನು, ತಯಾರಿಸುತ್ತ, ಅಳೆಯುತ್ತ, ಅವುಗಳ ಬಗ್ಗೆ ಬರೆಯುತ್ತ ಬಂದಿದ್ದೇನೆ. ಇಂಥ ಸಮಿತಿಗಳ ಮುಂದೆ ಅರ್ಜಿ ಹಿಡಿದು ನಿಂತದ್ದೂ ಉಂಟು, ಮೇಜಿನ ಆಚೆ ಬದಿಯಲ್ಲಿ ಕುಳಿತು ಬೇರೆಯವರ ಅರ್ಜಿ ತೂಗಿದ್ದೂ ಉಂಟು. ಆದ್ದರಿಂದ ಮುಂದೆ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನ ಕೋರಿಕೆ ಇಷ್ಟೇ. ಪರಿಸರದ ಹೆಸರು ಹೇಳಿಕೊಂಡು ಬರುವ ಸರಂಧ್ರ ವಸ್ತುವನ್ನು ಅದರ ಮೇಲ್ಮೈ ವಿಸ್ತೀರ್ಣದಿಂದಲೂ, ಅಂದರೆ ಒಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಸೇರಿಸಿದ ಹರವಿನಿಂದಲೂ, ಮೊದಲ ದಿನದ ಹೀರುವ ಸಾಮರ್ಥ್ಯದಿಂದಲೂ ಅಳೆಯುವುದನ್ನು ದಯವಿಟ್ಟು ನಿಲ್ಲಿಸಿ. ಕೊಳಕು ನೀರಿನಲ್ಲಿ, ಒದ್ದೆ ಗಾಳಿಯಲ್ಲಿ, ನೂರನೆಯ ಸಲ ಬಳಸಿದಾಗ ಅದು ಏನಾಗುತ್ತದೆ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ನೀರಸ ಕೆಲಸಕ್ಕೂ ಹಣ ಕೊಡಿ.

ಇದನ್ನು ಈಗಲೇ ಬರೆಯುವುದಕ್ಕೆ ಕಾರಣವಿದೆ. 2025ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್ ಮತ್ತು ಒಮರ್ ಯಾಘಿ ಅವರಿಗೆ ಲೋಹ-ಸಾವಯವ ಚೌಕಟ್ಟುಗಳನ್ನು ರೂಪಿಸಿದ್ದಕ್ಕಾಗಿ ಸಂದಿತು. ಲೋಹದ ಅಯಾನುಗಳನ್ನು ಮೂಲೆಗಳಲ್ಲಿಟ್ಟು, ಸಾವಯವ ಅಣುಗಳನ್ನು ಅವುಗಳ ನಡುವಿನ ತೊಲೆಗಳಂತೆ ಜೋಡಿಸಿ, ನಡುವೆ ಖಾಲಿ ಜಾಗ ಉಳಿಯುವಂತೆ ಕಟ್ಟಿದ ಈ ಸ್ಫಟಿಕಗಳನ್ನು ನಮ್ಮವರು ಎಂಒಎಫ್ ಎಂದು ಕರೆಯುತ್ತಾರೆ. ಪ್ರಶಸ್ತಿ ನ್ಯಾಯವಾದದ್ದು, ತಡವಾಗಿ ಬಂದದ್ದು ಎಂದೇ ನನ್ನ ಅಭಿಪ್ರಾಯ. ಆದರೆ ಇಂಥ ಪ್ರಶಸ್ತಿಯ ಬೆನ್ನಿಗೆ ಅರ್ಜಿಗಳ ಪ್ರವಾಹ ಬರುತ್ತದೆ, ಮತ್ತು ಪ್ರವಾಹದಲ್ಲಿ ತೂಕದ ಕಲ್ಲು ಸರಿಯಿಲ್ಲದಿದ್ದರೆ ಯಾವುದು ಗಟ್ಟಿ ಯಾವುದು ಜೊಳ್ಳು ಎಂದು ತಿಳಿಯುವುದಿಲ್ಲ.

ಈ ವಸ್ತುಗಳ ಕತೆ ಹೊಸದಲ್ಲ. 1756ರಲ್ಲಿ ಸ್ವೀಡನ್ನಿನ ಖನಿಜಶಾಸ್ತ್ರಜ್ಞ ಆಕ್ಸೆಲ್ ಕ್ರಾನ್‌ಸ್ಟೆಟ್ ಒಂದು ಖನಿಜವನ್ನು ಕಾಯಿಸಿದಾಗ ಅದು ಹಬೆಯಾಡುತ್ತ ಕುದಿದಂತೆ ಕಂಡಿತು. ಅದಕ್ಕೆ ಅವನು ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂಬರ್ಥದ ಜಿಯೋಲೈಟ್ ಎಂಬ ಹೆಸರಿಟ್ಟ. ಕುದಿಯುತ್ತಿದ್ದದ್ದು ಕಲ್ಲಲ್ಲ, ರಂಧ್ರಗಳೊಳಗೆ ಸೇರಿಕೊಂಡಿದ್ದ ನೀರು. 1773ರಲ್ಲಿ ಕಾರ್ಲ್ ಶೀಲೆ ಇದ್ದಿಲು ಅನಿಲಗಳನ್ನು ಹಿಡಿದಿಟ್ಟುಕೊಳ್ಳುವುದನ್ನು ಗಮನಿಸಿದ. ಸ್ಪಂಜು ನೀರನ್ನು ಒಳಗೆಲ್ಲ ಎಳೆದುಕೊಳ್ಳುವಂತೆ ಅಲ್ಲ ಇದು. ಅಣುಗಳು ಬಂದು ರಂಧ್ರದ ಗೋಡೆಗೆ ಅಂಟಿ ನಿಲ್ಲುತ್ತವೆ. ಈ ವ್ಯತ್ಯಾಸವನ್ನು ಗುರುತಿಸುವ ಪದ 1881ರವರೆಗೆ ಇರಲಿಲ್ಲ. ಕನ್ನಡದಲ್ಲಿ ಅದನ್ನು ಅಧಿಶೋಷಣೆ ಎನ್ನುತ್ತೇವೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರ ಉಸಿರು ಕಾಪಾಡಿದ್ದು ಮುಖವಾಡದೊಳಗಿನ ಇದ್ದಿಲಿನ ಡಬ್ಬಿ. ಇಂದಿಗೂ ನೀರಿನ ಶುದ್ಧೀಕರಣ ಘಟಕಗಳಲ್ಲಿ ಹೆಚ್ಚಿನ ಕೆಲಸ ಮಾಡುತ್ತಿರುವುದು ಅದೇ ಇದ್ದಿಲಿನ ಸಂತತಿ.

ನಮ್ಮ ಕಾಲದ ಓಟ ಶುರುವಾದದ್ದು ಆಮೇಲೆ. 1992ರಲ್ಲಿ ಒಂದು ತೈಲ ಕಂಪನಿಯ ಸಂಶೋಧಕರು ಜೇನುಗೂಡಿನಂತೆ ಸಾಲಾಗಿ ನಿಂತ, ಜಿಯೋಲೈಟಿನವಕ್ಕಿಂತ ಅಗಲವಾದ ರಂಧ್ರಗಳುಳ್ಳ ಸಿಲಿಕಾವನ್ನು ಪ್ರಕಟಿಸಿದರು. 1999ರಲ್ಲಿ ಎಂಒಎಫ್-5 ಬಂತು, 2005ರಲ್ಲಿ ಲೋಹವೇ ಇಲ್ಲದ ಸಾವಯವ ಚೌಕಟ್ಟುಗಳು ಬಂದವು, 2008ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಿಂದ ಜಿರ್ಕೋನಿಯಂ ಆಧಾರಿತ ಗಟ್ಟಿಮುಟ್ಟಾದ ಯುಐಒ-66 ಬಂತು. ಮೇಲ್ಮೈ ವಿಸ್ತೀರ್ಣದ ದಾಖಲೆಗಳು ಒಂದರ ಮೇಲೊಂದು ಮುರಿದವು. 2018ರಲ್ಲಿ ಡಿಯುಟಿ-60 ಎಂಬ ಚೌಕಟ್ಟು ಒಂದು ಗ್ರಾಂಗೆ 7,839 ಚದರ ಮೀಟರ್ ಮುಟ್ಟಿತು. 'ಒಂದು ಚಿಟಿಕೆ ಪುಡಿಯಲ್ಲಿ ಒಂದು ಫುಟ್‌ಬಾಲ್ ಮೈದಾನ' ಎಂಬ ಮಾತನ್ನು ಈ ಕ್ಷೇತ್ರದ ಯಾವ ಉಪನ್ಯಾಸದಲ್ಲಾದರೂ ತಾವು ಕೇಳಿರುತ್ತೀರಿ. ನಾನೂ ಹೇಳಿದ್ದೇನೆ, ಸಭಿಕರು ಬೆರಗಾದಾಗ ಖುಷಿಪಟ್ಟಿದ್ದೇನೆ. ಆದರೆ ಅದೇ ಡಿಯುಟಿ-60ರ ಒಂದು ಘನ ಸೆಂಟಿಮೀಟರ್ ತೂಗುವುದು 0.2 ಗ್ರಾಂಗಿಂತಲೂ ಕಡಿಮೆ ಎಂಬುದನ್ನು ಹೇಳುವಾಗ ಸಭೆಯಲ್ಲಿ ಯಾರ ಹುಬ್ಬೂ ಏರುವುದಿಲ್ಲ. ಘಟಕ ಕಟ್ಟುವವರು ಕೊಳ್ಳುವುದು ಗ್ರಾಂ ಲೆಕ್ಕದ ಬೆರಗನ್ನಲ್ಲ. ಅವರಿಗೆ ಬೇಕಾದದ್ದು ಇಷ್ಟು ಎತ್ತರದ, ಇಷ್ಟು ಅಗಲದ ಉಕ್ಕಿನ ಕೊಳವೆಯೊಳಗೆ ಎಷ್ಟು ಮಾಲಿನ್ಯ ಹಿಡಿಯುತ್ತದೆ ಎಂಬ ಲೆಕ್ಕ.

ಆ ಸಂಖ್ಯೆ ಹುಟ್ಟುವ ಬಗೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ಮೂವತ್ತೋ ಐವತ್ತೋ ಮಿಲಿಗ್ರಾಂ ಪುಡಿಯನ್ನು ಕೆಳತುದಿಯಲ್ಲಿ ಬುಗುಟೆಯಿರುವ ಗಾಜಿನ ನಳಿಕೆಗೆ ಹಾಕುತ್ತೇವೆ. ರಾತ್ರಿಯಿಡೀ ನಿರ್ವಾತದಲ್ಲಿ ಕಾಯಿಸಿ, ರಂಧ್ರಗಳಲ್ಲಿ ಉಳಿದ ನೀರು ಮತ್ತು ದ್ರಾವಕವನ್ನು ಹೊರಗೆಳೆಯುತ್ತೇವೆ. ಬೆಳಗ್ಗೆ ನಳಿಕೆಯನ್ನು ಮತ್ತೆ ತೂಗಿ, ದ್ರವ ಸಾರಜನಕದ ಫ್ಲಾಸ್ಕಿನೊಳಗೆ ಇಳಿಸುತ್ತೇವೆ. ಅಲ್ಲಿನ ಉಷ್ಣತೆ 77 ಕೆಲ್ವಿನ್, ಅಂದರೆ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಯಂತ್ರ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಪ್ರತಿ ಸಲವೂ ಒತ್ತಡ ಎಷ್ಟು ಕುಸಿಯಿತು ಎಂದು ನೋಡಿ, ಪುಡಿಗೆ ಎಷ್ಟು ಅಂಟಿತು ಎಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಮೇಲೇರಿ ಒಂದು ವಕ್ರರೇಖೆಯಾಗುತ್ತವೆ. ಅದಕ್ಕೆ 1938ರಲ್ಲಿ ಬ್ರುನೌವರ್, ಎಮ್ಮೆಟ್, ಟೆಲರ್ ಎಂಬ ಮೂವರು ಕೊಟ್ಟ, ಬಿಇಟಿ ಎಂದು ಹೆಸರಾದ ಸಮೀಕರಣವನ್ನು ಹೊಂದಿಸಿದರೆ ಚದರ ಮೀಟರ್ ಬರುತ್ತದೆ. ರೇಖೆಯ ಯಾವ ತುಂಡಿಗೆ ಹೊಂದಿಸಬೇಕೆಂದು ಆರಿಸುವವರು ಮಾತ್ರ ಮನುಷ್ಯರು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲೇ ಅಳೆದಿಟ್ಟ 18 ರೇಖೆಗಳನ್ನು 61 ಪ್ರಯೋಗಾಲಯಗಳಿಗೆ ಕಳುಹಿಸಿ ವಿಸ್ತೀರ್ಣ ಲೆಕ್ಕ ಹಾಕಲು ಕೇಳಿದರು. ಅಳತೆ ಒಂದೇ, ಸಮೀಕರಣ ಒಂದೇ. ಆದರೂ ಬಂದ ಉತ್ತರಗಳಲ್ಲಿ ಅಜಗಜಾಂತರವಿತ್ತು. ಅರ್ಜಿಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ನಿಲ್ಲುವ ಸಂಖ್ಯೆಯ ಗಟ್ಟಿತನ ಇಷ್ಟು.

ಅದು ಸರಿಯಾಗಿಯೇ ಬಂದಿದೆ ಎಂದಿಟ್ಟುಕೊಳ್ಳೋಣ. ಪುಡಿಯನ್ನು ಒಣಗಿಸಿ, ಗಾಳಿ ತೆಗೆದು, ಯಾವ ನದಿಯೂ ಯಾವ ಚಿಮಣಿಯೂ ಎಂದೂ ಕಾಣದ ಚಳಿಯಲ್ಲಿಟ್ಟು, ಯಾರನ್ನೂ ನೋಯಿಸದ ಸಾರಜನಕದಿಂದ ಅಳೆದದ್ದು ಅದು. ಅದೇ ಪುಡಿ ಕೋಣೆಯ ಗಾಳಿಗೆ ಬಂದಾಗ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು ಒಂದು ಸೋಮವಾರ ಬೆಳಗ್ಗೆ. ಸಂಶೋಧನೆಯ ಆರಂಭದ ವರ್ಷಗಳಲ್ಲಿ ಸತುವಿನ ಒಂದು ಚೌಕಟ್ಟನ್ನು ತಿಂಗಳುಗಟ್ಟಲೆ ಪಾಡುಪಟ್ಟು ಕಟ್ಟಿದ್ದೆ. ಶುಕ್ರವಾರ ಸಂಜೆ ಎಕ್ಸ್-ರೇ ಚಿತ್ರದಲ್ಲಿ ಸೂಜಿಯಂಥ ಗೆರೆಗಳು ಒಂದರ ಪಕ್ಕ ಒಂದು ನಿಂತಿದ್ದವು, ಸ್ಫಟಿಕ ಅಚ್ಚುಕಟ್ಟಾಗಿ ಕಟ್ಟಿಕೊಂಡಿದೆ ಎಂಬುದರ ಗುರುತು ಅದು. ಸೀಸೆಯ ಮುಚ್ಚಳ ಬಿಗಿಯಾಗಿರಲಿಲ್ಲ. ಸೋಮವಾರ ನೋಡಿದಾಗ ಪುಡಿಯ ಬಣ್ಣ ಅದೇ ಬಿಳಿ, ತೂಕ ತುಸು ಹೆಚ್ಚು, ಎಕ್ಸ್-ರೇ ಚಿತ್ರದಲ್ಲಿ ಮಾತ್ರ ಹಳೆಯ ಗೆರೆಗಳ ಬದಲು ಅಗಲವಾದ ದಿಬ್ಬಗಳು. ಗಾಳಿಯ ತೇವದಲ್ಲಿದ್ದ ನೀರಿನ ಅಣುಗಳು ಸತು ಮತ್ತು ಆಮ್ಲಜನಕದ ನಡುವಿನ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಿ ಮಹಡಿಯನ್ನೇ ಕೆಡವಿದ್ದವು. ಪ್ರಸಿದ್ಧ ಎಂಒಎಫ್-5 ಕೂಡ ತೇವದ ಗಾಳಿಯಲ್ಲಿ ಹೀಗೆಯೇ ಕುಸಿಯುತ್ತದೆ. ನನ್ನ ಲೇಖನದಲ್ಲಿ ಶುಕ್ರವಾರದ ಚಿತ್ರ ಅಚ್ಚಾಯಿತು. ಸೋಮವಾರದ್ದು ಟಿಪ್ಪಣಿ ಪುಸ್ತಕದಲ್ಲೇ ಉಳಿಯಿತು.

ನೀರಿನ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪೊಪ್ಪಿಗೆ ಮಾಡಬೇಕಿದೆ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ನೀರಿನಿಂದ ತೆಗೆಯುವ ವಸ್ತುಗಳ ಬಗ್ಗೆ ಬರುವ ಲೇಖನಗಳಿಗೆ ಲೆಕ್ಕವಿಲ್ಲ, ಅವುಗಳಲ್ಲಿ ನನ್ನದೂ ಒಂದು. ಬಣ್ಣ ಅಗ್ಗ, ಅಳೆಯುವುದು ಸುಲಭ, ಮೊದಲು ಕಡುನೀಲಿ ಆಮೇಲೆ ತಿಳಿನೀರು ಎಂದು ಎರಡು ಸೀಸೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೆಗೆದ ಚಿತ್ರ ಎಂಥವರ ಮನಸ್ಸನ್ನೂ ಗೆಲ್ಲುತ್ತದೆ. ನಾನು ಮಾಡಿದ್ದು ಇಷ್ಟು: ಲೀಟರಿಗೆ 20 ಮಿಲಿಗ್ರಾಂ ಬಣ್ಣವಿದ್ದ 50 ಮಿಲಿಲೀಟರ್ ನೀರಿಗೆ 50 ಮಿಲಿಗ್ರಾಂ ಪುಡಿ ಹಾಕಿದೆ, 99 ಶೇಕಡ ಬಣ್ಣ ಹೋಯಿತು. ಲೇಖನದ ಸಾರಾಂಶದಲ್ಲಿ ಆ 99 ಹೊಳೆಯುತ್ತಿತ್ತು. ಲೆಕ್ಕ ಹಾಕಿ ನೋಡಿ. ಆ ನೀರಿನಲ್ಲಿದ್ದ ಒಟ್ಟು ಬಣ್ಣವೇ ಒಂದು ಮಿಲಿಗ್ರಾಂ. ಅದಕ್ಕೆ ಐವತ್ತು ಪಟ್ಟು ಪುಡಿ ಸುರಿದಿದ್ದೆ. ಗ್ರಾಂ ಲೆಕ್ಕದಲ್ಲಿ ನನ್ನ ಪುಡಿ ಹಿಡಿದದ್ದು 20 ಮಿಲಿಗ್ರಾಂಗಿಂತಲೂ ಕಡಿಮೆ. ಒಳ್ಳೆಯ ಇದ್ದಿಲು ನೂರಾರು ಮಿಲಿಗ್ರಾಂ ಹಿಡಿಯುತ್ತದೆ. ಇನ್ನಷ್ಟು ಪುಡಿ ಸುರಿದಿದ್ದರೆ ನೂರಕ್ಕೆ ನೂರೂ ಬರುತ್ತಿತ್ತು. ಶೇಕಡಾವಾರು ಎಂಬುದು ವಸ್ತುವಿನ ಗುಣವಲ್ಲ, ಚಮಚದ ಗಾತ್ರ. ಲೇಖನವನ್ನು ಪರಿಶೀಲಿಸಿದ ಮೂವರಲ್ಲಿ ಒಬ್ಬರೂ ಇದನ್ನು ಕೇಳಲಿಲ್ಲ.

ಅದೇ ಲೇಖನದಲ್ಲಿ ಇನ್ನೊಂದು ಜಾಣತನವೂ ಇತ್ತು. ಅಧಿಶೋಷಣೆ ಎಷ್ಟು ವೇಗವಾಗಿ ನಡೆಯಿತು ಎಂದು ತೋರಿಸಲು 'ಹುಸಿ-ದ್ವಿತೀಯ ದರ್ಜೆ' ಎಂಬ ಮಾದರಿಯನ್ನು ಬಳಸಿದ್ದೆ. ಹೊಂದಿಕೆಯ ಅಂಕ 0.999 ಬಂದಿತ್ತು, ಅದರಿಂದ ರಾಸಾಯನಿಕ ಬಂಧವೇ ಏರ್ಪಟ್ಟಿದೆ ಎಂದು ತೀರ್ಮಾನಿಸಿದ್ದೆ. ಆ ನಕ್ಷೆಯ ಅಡ್ಡ ಅಕ್ಷದಲ್ಲಿರುವುದು ಕಾಲ. ಉದ್ದ ಅಕ್ಷದಲ್ಲಿರುವುದು ಕಾಲವನ್ನು, ಪುಡಿ ಹಿಡಿದ ಪ್ರಮಾಣದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಪುಡಿ ತುಂಬಿ ಪ್ರಮಾಣ ಬದಲಾಗದೆ ನಿಂತ ಮೇಲೆ ತೆಗೆದ ಚುಕ್ಕಿಗಳೇ ಹೆಚ್ಚಾಗಿದ್ದರೆ, ಕಾಲದ ಎದುರು ಕಾಲವನ್ನೇ ಬರೆದಂತಾಗಿ ಸರಳರೇಖೆ ತಾನಾಗಿಯೇ ಬರುತ್ತದೆ. ಅದರಲ್ಲಿ ರಸಾಯನಶಾಸ್ತ್ರ ಏನೂ ಇಲ್ಲ. ತಮ್ಮ ಮುಂದಿರುವ ಅರ್ಜಿಗಳ ಕಟ್ಟಿನಲ್ಲಿ ಈ ರೇಖೆ ಎಷ್ಟು ಸಲ ಕಾಣುತ್ತದೆ ಎಂದು ಎಣಿಸಲು ವಿನಂತಿಸುತ್ತೇನೆ.

ಬಣ್ಣವನ್ನು ಬಿಟ್ಟು ನಿಜವಾಗಿ ಜನರ ಆರೋಗ್ಯ ಕೆಡಿಸುವ ಆರ್ಸೆನಿಕ್ ಕಡೆ ಬರೋಣ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಪ್ರಯೋಗಾಲಯದಲ್ಲಿ ನಾವು ಗರಿಷ್ಠ ಸಾಮರ್ಥ್ಯ ಅಳೆಯುವುದು ಲೀಟರಿಗೆ ಹತ್ತಾರು, ನೂರಾರು ಮಿಲಿಗ್ರಾಂ ಆರ್ಸೆನಿಕ್ ಬೆರೆಸಿದ ಶುದ್ಧ ನೀರಿನಲ್ಲಿ. ಅಂದರೆ ಸಾವಿರಾರು ಪಟ್ಟು ದಟ್ಟವಾದ, ಬೇರೆ ಯಾವ ಲವಣವೂ ಇಲ್ಲದ ನೀರಿನಲ್ಲಿ. ಗ್ರಾಂಗೆ 100 ಮಿಲಿಗ್ರಾಂ ಹಿಡಿಯುತ್ತದೆ ಎಂದು ಹೇಳಿಕೊಂಡ ವಸ್ತು ಆ ಮಾತಿನಂತೆ ನಡೆದರೆ, ಲೀಟರಿಗೆ 50 ಮೈಕ್ರೋಗ್ರಾಂ ಇರುವ ನೀರನ್ನು 10ಕ್ಕೆ ಇಳಿಸುವಾಗ ಒಂದೇ ಗ್ರಾಂನಿಂದ 2,500 ಲೀಟರ್ ಶುದ್ಧವಾಗಬೇಕು. ಆಗುವುದಿಲ್ಲ. ಅಷ್ಟು ತೆಳುವಾದ ನೀರಿನಲ್ಲಿ ರಂಧ್ರಗಳ ಬಹುಪಾಲು ಜಾಗ ಖಾಲಿಯೇ ಉಳಿಯುತ್ತದೆ. ಮೇಲಾಗಿ ನೆಲದ ನೀರಿನಲ್ಲಿ ಫಾಸ್ಫೇಟ್, ಸಿಲಿಕೇಟ್, ಬೈಕಾರ್ಬನೇಟ್ ಇರುತ್ತವೆ. ಫಾಸ್ಫೇಟ್ ಆಕಾರದಲ್ಲೂ ನಡವಳಿಕೆಯಲ್ಲೂ, ನೀರಿನಲ್ಲಿ ಆರ್ಸೆನಿಕ್ ತಾಳುವ ಒಂದು ರೂಪವಾದ ಆರ್ಸೆನೇಟಿನ ದಾಯಾದಿ. ಕುರ್ಚಿ ಖಾಲಿಯಿದ್ದರೆ ಮೊದಲು ಅದೇ ಕೂರುತ್ತದೆ. ಇನ್ನು ಆರ್ಸೆನಿಕ್‌ನ ಇನ್ನೊಂದು ರೂಪವಾದ ಆರ್ಸೆನೈಟ್‌ಗೆ ಸಾಮಾನ್ಯ ನೀರಿನಲ್ಲಿ ವಿದ್ಯುದಾವೇಶವೇ ಇರುವುದಿಲ್ಲವಾದ್ದರಿಂದ ಅದನ್ನು ಹಿಡಿಯುವುದು ಮತ್ತಷ್ಟು ಕಷ್ಟ, ಮತ್ತು ಅದೇ ಹೆಚ್ಚು ವಿಷಕಾರಿ. ಇಷ್ಟನ್ನೆಲ್ಲ ಬಲ್ಲವರು ನಮ್ಮಲ್ಲಿ ಬಹಳ ಜನರಿದ್ದಾರೆ. ಆದರೆ ಅರ್ಜಿಯ ನಮೂನೆ ಕೇಳುವುದು ಗರಿಷ್ಠ ಸಾಮರ್ಥ್ಯವನ್ನಾದ್ದರಿಂದ ಎಲ್ಲರೂ ಅದನ್ನೇ ಬರೆಯುತ್ತಾರೆ.

ಗಾಳಿಯಲ್ಲೂ ಇದೇ ಹಾಡು, ರಾಗ ಬೇರೆ. ಕಲ್ಲಿದ್ದಲು ಸುಡುವ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 12ರಿಂದ 15 ಶೇಕಡ ಇರುತ್ತದೆ. ಅದರ ಜೊತೆಗೆ ನೀರಾವಿ, ಗಂಧಕದ ಆಕ್ಸೈಡುಗಳು, ಸಾರಜನಕದ ಆಕ್ಸೈಡುಗಳು ಬರುತ್ತವೆ. 13ಎಕ್ಸ್ ಎಂಬ ಜಿಯೋಲೈಟ್ ಒಣ ಅನಿಲದಲ್ಲಿ ಇಂಗಾಲದ ಡೈಆಕ್ಸೈಡನ್ನು ಚೆನ್ನಾಗಿ ಹಿಡಿಯುತ್ತದೆ. ನೀರಾವಿ ಕಂಡರೆ ಎಲ್ಲವನ್ನೂ ಬಿಟ್ಟು ನೀರನ್ನೇ ಅಪ್ಪಿಕೊಳ್ಳುತ್ತದೆ. ಇನ್ನು ಬಯಲ ಗಾಳಿಯಿಂದಲೇ ಇಂಗಾಲ ತೆಗೆಯುತ್ತೇವೆ ಎನ್ನುವವರ ಸವಾಲು ಬೇರೆಯೇ ಮಟ್ಟದ್ದು. ಗಾಳಿಯಲ್ಲಿ ಅದು ಇರುವುದು ಹತ್ತು ಲಕ್ಷಕ್ಕೆ 420ಕ್ಕೂ ತುಸು ಹೆಚ್ಚು ಭಾಗ. ಘನ ಮೀಟರಿಗೆ ಮುಕ್ಕಾಲು ಗ್ರಾಂ ಎಂದು ಹಿಡಿದರೂ ಒಂದು ಟನ್ ಹಿಡಿಯಲು, ಇದ್ದದ್ದನ್ನೆಲ್ಲ ಒಂದು ಕಣವೂ ಬಿಡದೆ ತೆಗೆದರೂ, ಹದಿಮೂರು ಲಕ್ಷ ಘನ ಮೀಟರ್ ಗಾಳಿ ಆ ಪುಡಿಯ ಮೂಲಕ ಹಾಯಬೇಕು. ಆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ನೀರೇ ಹಲವು ಪಟ್ಟು ಹೆಚ್ಚು. ಅರ್ಜಿಯಲ್ಲಿ ಒಣ ಅನಿಲದ ಒಂದು ರೇಖೆಯನ್ನು ತೋರಿಸಿ ಹವಾಮಾನವನ್ನೇ ಸರಿಪಡಿಸುವೆವೆನ್ನುವವರಿಗೆ ಈ ಒಂದು ಭಾಗಾಕಾರವನ್ನು ಮಾಡಿಸಿ ನೋಡಿ.

ಎಲ್ಲವೂ ನಿರಾಶೆಯ ಕತೆಯೆಂದು ತಾವು ಭಾವಿಸಬಾರದು. 2021ರಲ್ಲಿ ಕೆನಡಾದ ಕ್ಯಾಲ್ಗರಿಯ ಸಂಶೋಧಕರು ಕ್ಯಾಲ್ಫ್-20 ಎಂಬ ಚೌಕಟ್ಟಿನ ವಿವರ ಪ್ರಕಟಿಸಿದರು. ಸತು, ಆಕ್ಸಲೇಟ್, ಟ್ರಯಜೋಲ್, ಇಷ್ಟೇ ಅದರ ಸಾಮಗ್ರಿ. ಅದರ ಮೇಲ್ಮೈ ವಿಸ್ತೀರ್ಣ ಗ್ರಾಂಗೆ ಸುಮಾರು 500 ಚದರ ಮೀಟರ್, ಅಂದರೆ ದಾಖಲೆ ಮಾಡಿದ ಪುಡಿಯ ಹದಿನೈದರಲ್ಲಿ ಒಂದು ಪಾಲು. ಮೇಲ್ಮೈಯನ್ನೇ ತೂಗುವ ಸಮಿತಿಯಲ್ಲಿ ಅದು ಮೊದಲ ಸುತ್ತನ್ನೂ ದಾಟುತ್ತಿರಲಿಲ್ಲವೇನೋ. ಆದರೆ ಗಾಳಿಯ ತೇವ 40 ಶೇಕಡಕ್ಕಿಂತ ಕೆಳಗಿರುವವರೆಗೆ ಅದು ನೀರಿಗಿಂತ ಇಂಗಾಲದ ಡೈಆಕ್ಸೈಡನ್ನೇ ಆರಿಸಿಕೊಳ್ಳುತ್ತದೆ, ಹಬೆಯನ್ನೂ ಆಮ್ಲೀಯ ಅನಿಲಗಳನ್ನೂ ತಾಳಿಕೊಳ್ಳುತ್ತದೆ, ನಿಜವಾದ ದಹನದ ಹೊಗೆಯನ್ನು ದೀರ್ಘಕಾಲ ಹಾಯಿಸಿದರೂ ಕುಸಿಯುವುದಿಲ್ಲ. ಇಂಗಾಲವನ್ನು ಹಿಡಿಯುವ ಕೈ ಬಹಳ ಬಿಗಿಯೂ ಅಲ್ಲವಾದ್ದರಿಂದ ಬಿಡಿಸಲು ಬೇಕಾಗುವ ಶಾಖವೂ ಕಡಿಮೆ. ಆ ಸಂಶೋಧಕರು ತಮ್ಮ ಲೇಖನದಲ್ಲಿ ಕೇಳಿಕೊಂಡದ್ದು ಇವೇ ನೀರಸ ಪ್ರಶ್ನೆಗಳನ್ನು. ನಾನು ಮತ್ಸರಪಟ್ಟು ಓದಿದ ಕೆಲವೇ ಲೇಖನಗಳಲ್ಲಿ ಅದೊಂದು.

ಪುಡಿಯನ್ನು ಗುಳಿಗೆಯಾಗಿಸುವ ವಿಚಾರವನ್ನು ನಮ್ಮಲ್ಲಿ ಬಹುಪಾಲು ಜನ ಎಂಜಿನಿಯರುಗಳ ಪಾಲಿಗೆ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಪುಡಿಯನ್ನು ಹಾಗೇ ಕೊಳವೆಗೆ ತುಂಬಿದರೆ ಗಾಳಿಯೂ ನೀರೂ ಹಾಯುವುದಿಲ್ಲ, ಪಂಪು ಏದುತ್ತದೆ. ಅಂಟು ಬೆರೆಸಿ ಒತ್ತಿದರೆ ರಂಧ್ರಗಳ ಬಾಯಿ ಮುಚ್ಚುತ್ತದೆ, ಕೆಲವು ಚೌಕಟ್ಟುಗಳು ಒತ್ತಡಕ್ಕೇ ಪುಡಿಯಾಗುತ್ತವೆ. ಒತ್ತಿದ ಮೇಲಿನ ಅಳತೆಯನ್ನೂ ಕೊಡಿ ಎಂದು ತಾವು ಒಂದು ಸಾಲು ಸೇರಿಸಿದರೆ ಸಾಕು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇನ್ನೊಂದು ಪ್ರಶ್ನೆಯ ಬಳಿ: ವಿಷ ಹಿಡಿದು ತುಂಬಿದ ಪುಡಿಯನ್ನು ಏನು ಮಾಡುವುದು? ಅಧಿಶೋಷಣೆ ವಿಷವನ್ನು ನಾಶಮಾಡುವುದಿಲ್ಲ. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಕಟ್ಟಿಡುತ್ತದೆ, ಅಷ್ಟೇ. ಕಬ್ಬಿಣದ ಆಕ್ಸೈಡಿಗೆ ಅಂಟಿದ ಆರ್ಸೆನಿಕ್ ಗಾಳಿಯಾಡುವಲ್ಲಿ ಸುಮ್ಮನಿರುತ್ತದೆ. ಅದೇ ಪುಡಿಯನ್ನು ಕಸದ ಗುಂಡಿಯ ಆಳದಲ್ಲಿ, ಆಮ್ಲಜನಕವಿಲ್ಲದ ಕಡೆ ಹೂತರೆ, ಅಲ್ಲಿನ ಸೂಕ್ಷ್ಮಜೀವಿಗಳು ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತವೆ, ಆರ್ಸೆನಿಕ್ ಮತ್ತೆ ನೀರಿಗಿಳಿಯುತ್ತದೆ. ತ್ಯಾಜ್ಯದ ಸುರಕ್ಷತೆ ತಿಳಿಯಲು ಸಾಮಾನ್ಯವಾಗಿ ಮಾಡುವ ಕೆಲವೇ ಗಂಟೆಗಳ ಸೋರಿಕೆ ಪರೀಕ್ಷೆ ಈ ನಿಧಾನದ ಬದಲಾವಣೆಯನ್ನು ಕಾಣುವುದಿಲ್ಲ. ಬಿಡಿಸಿ ಮರುಬಳಸುತ್ತೇವೆ ಎನ್ನುವವರು ಸಾಮಾನ್ಯವಾಗಿ ಐದು ಸುತ್ತು ತೋರಿಸಿ ನಿಲ್ಲಿಸುತ್ತಾರೆ. ಬಿಡಿಸಲು ಬಳಸಿದ ಕ್ಷಾರದ ದ್ರಾವಣ ಈಗ ದಟ್ಟ ಆರ್ಸೆನಿಕ್ ದ್ರಾವಣವಾಗಿ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಪರಮಾಣು ಉದ್ಯಮದವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರರು, ಹಾಗಾಗಿ ಅವರಿಂದ ಕಲಿಯಬಹುದು. ಬ್ರಿಟನ್ನಿನ ಸೆಲ್ಲಾಫೀಲ್ಡಿನಲ್ಲಿ 1985ರಿಂದ ವಿಕಿರಣಶೀಲ ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಅನ್ನು ನೀರಿನಿಂದ ತೆಗೆಯುತ್ತಿರುವುದು ಕ್ಲಿನಾಪ್ಟಿಲೋಲೈಟ್ ಎಂಬ, ಗಣಿಯಿಂದ ಅಗೆದು ತೆಗೆದ ಸಹಜ ಜಿಯೋಲೈಟ್. 2011ರ ಫುಕುಶಿಮಾ ದುರಂತದ ನಂತರ ಕಲುಷಿತ ನೀರಿನ ಸೀಸಿಯಂ ತೆಗೆಯಲು ಮೊದಲು ಕೈಗೆ ಬಂದವುಗಳಲ್ಲಿಯೂ ಜಿಯೋಲೈಟ್ ಇತ್ತು. ತುಂಬಿದ ಪಾತ್ರೆಗಳನ್ನು ಅಲ್ಲಿ ಎಣಿಸಿ, ಕಾದು, ಕೂಡಿಡಬೇಕಾಗಿದೆ. ನೂರಾರು ಹೊಸ ಚೌಕಟ್ಟುಗಳು ಪ್ರತಿ ವರ್ಷ ಪ್ರಕಟವಾಗುತ್ತಿದ್ದರೂ ಆಪತ್ತಿನಲ್ಲಿ ಎಲ್ಲರೂ ಹಳೆಯ ಕಲ್ಲಿನ ಕಡೆಗೇ ತಿರುಗಿದ್ದು ಆಲಸ್ಯದಿಂದಲ್ಲ. ಆ ಕಲ್ಲು ಹತ್ತು ವರ್ಷದಲ್ಲಿ ಹೇಗೆ ವರ್ತಿಸುತ್ತದೆ ಎಂದು ಅವರಿಗೆ ಗೊತ್ತಿತ್ತು.

ನಮ್ಮ ಅಡಿಪಾಯದಲ್ಲೇ ಇರುವ ಒಂದು ವಿಪರ್ಯಾಸವನ್ನೂ ಹೇಳಿಬಿಡುತ್ತೇನೆ. ಪರಿಸರಕ್ಕಾಗಿ ಎಂದು ತಯಾರಿಸುವ ಚೌಕಟ್ಟುಗಳಲ್ಲಿ ಬಹಳಷ್ಟನ್ನು ಬೇಯಿಸುವುದು ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕದಲ್ಲಿ. ಅದು ಯಕೃತ್ತಿಗೂ ಗರ್ಭದಲ್ಲಿರುವ ಮಗುವಿಗೂ ಹಾನಿಕರ. ಯುರೋಪಿನ ಒಕ್ಕೂಟ 2023ರ ಡಿಸೆಂಬರಿನಿಂದ ಅದರ ಬಳಕೆಗೆ ನಿರ್ಬಂಧ ಹೇರಿದೆ. ಒಂದು ಗ್ರಾಂ ಪುಡಿಗೆ ನೂರಾರು ಮಿಲಿಲೀಟರ್ ದ್ರಾವಕ ಸುರಿದು, ತೊಳೆಯಲು ಮತ್ತಷ್ಟು ಸುರಿದು, ಉಳಿದದ್ದನ್ನು ತ್ಯಾಜ್ಯದ ಕ್ಯಾನಿಗೆ ಹಾಕಿ, ಆ ಪುಡಿಯಿಂದ ಕೆಲವು ಮಿಲಿಗ್ರಾಂ ಬಣ್ಣ ತೆಗೆದು ನೀರು ಶುದ್ಧವಾಯಿತೆಂದು ನಾನು ಬರೆದಿದ್ದೇನೆ. ಅಲ್ಯೂಮಿನಿಯಂ ಫ್ಯೂಮರೇಟಿನಂಥ ಚೌಕಟ್ಟುಗಳನ್ನು ನೀರಿನಲ್ಲೇ ತಯಾರಿಸಬಹುದು ಎಂದು ಕೈಗಾರಿಕೆಯವರು ತೋರಿಸಿಕೊಟ್ಟು ವರ್ಷಗಳೇ ಕಳೆದಿವೆ.

ಹೀಗೆ ಕೇಳತೊಡಗಿದರೆ ಮೂಲ ಸಂಶೋಧನೆಯ ಕುತ್ತಿಗೆ ಹಿಸುಕಿದಂತಾಗುತ್ತದೆ ಎಂಬ ಆಕ್ಷೇಪ ಬರುವುದು ಖಂಡಿತ, ಮತ್ತು ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. 1989ರಲ್ಲಿ ರಾಬ್ಸನ್ ತಾಮ್ರದ ಅಯಾನುಗಳನ್ನೂ ನಾಲ್ಕು ತೋಳಿನ ಅಣುಗಳನ್ನೂ ಸೇರಿಸಿ ವಜ್ರದ ವಿನ್ಯಾಸದ ಜಾಲ ಕಟ್ಟಿದಾಗ, ಇದು ಒದ್ದೆ ಹೊಗೆಯಲ್ಲಿ ಎಷ್ಟು ಕಾಲ ಬಾಳುತ್ತದೆ ಎಂದು ಯಾರಾದರೂ ಕೇಳಿದ್ದರೆ ಆ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ನನ್ನ ತಕರಾರು ಅಂಥ ಕೆಲಸದ ಮೇಲಲ್ಲ. ಹೊಸ ಜಾಲವೊಂದನ್ನು ಅದರ ಚೆಲುವಿಗಾಗಿ, ಅದು ಹೇಗೆ ನಿಂತಿದೆ ಎಂದು ತಿಳಿಯುವುದಕ್ಕಾಗಿ ಕಟ್ಟುವವರಿಗೆ ಆ ಹೆಸರಿನಲ್ಲೇ ಧಾರಾಳವಾಗಿ ಹಣ ಕೊಡಿ. ಕೊನೆಯ ಪುಟದಲ್ಲಿ ಒಂದು ಸೀಸೆ ನೀಲಿ ನೀರನ್ನು ತಿಳಿಯಾಗಿಸಿ ಪರಿಸರದ ಚೀಟಿ ಅಂಟಿಸಿಕೊಳ್ಳುವಂತೆ ಅವರನ್ನು ದೂಡಬೇಡಿ. ಚೀಟಿ ಅಂಟಿಸಿಕೊಂಡು ಬಂದವರನ್ನು ಮಾತ್ರ ಪರಿಸರದ ಪ್ರಶ್ನೆಗಳಿಂದ ಒರೆಗೆ ಹಚ್ಚಿ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟದ್ದರಿಂದಲೇ ಎರಡಕ್ಕೂ ಅನ್ಯಾಯವಾಗಿದೆ.

ತಾವು ಮಾಡಬಹುದಾದದ್ದರಲ್ಲಿ ನನಗೆ ಅತ್ಯಂತ ತುರ್ತಾಗಿ ಕಾಣುವುದು ಮರುಅಳತೆ. 2017ರಲ್ಲಿ ಮೂವರು ಸಂಶೋಧಕರು ಎಂಒಎಫ್‌ಗಳಲ್ಲಿ ಇಂಗಾಲದ ಡೈಆಕ್ಸೈಡಿನ ಅಧಿಶೋಷಣೆಯ ಬಗ್ಗೆ ಪ್ರಕಟವಾದ ಅಳತೆಗಳನ್ನೆಲ್ಲ ಕಲೆಹಾಕಿ ನೋಡಿದರು. ಸಾವಿರಾರು ಚೌಕಟ್ಟುಗಳಲ್ಲಿ, ಹೋಲಿಸಿ ನೋಡಲು ಸಾಕಾಗುವಷ್ಟು ಸಲ ಬೇರೆ ಬೇರೆ ಕಡೆ ಅಳೆಯಲಾಗಿದ್ದವು ಕೇವಲ 15. ಆ ಅಳತೆಗಳಲ್ಲೂ ಸುಮಾರು ಐದರಲ್ಲಿ ಒಂದು ಉಳಿದವುಗಳ ಜೊತೆ ಹೊಂದುತ್ತಲೇ ಇರಲಿಲ್ಲ. ಕಾರಣ ಮೋಸವಲ್ಲ, ಪುಡಿ ಪೂರ್ತಿ ಒಣಗದಿರುವುದು, ರಂಧ್ರದಲ್ಲಿ ದ್ರಾವಕ ಉಳಿದಿರುವುದು, ನನ್ನ ಸೀಸೆಯ ಮುಚ್ಚಳದಂಥ ಸಣ್ಣ ಸಂಗತಿಗಳು ಸಾಕು. ಬೇರೊಬ್ಬರ ಪುಡಿಯನ್ನು ಮತ್ತೆ ತಯಾರಿಸಿ, ಮತ್ತೆ ಅಳೆದು, ಹೌದು ಅಥವಾ ಇಲ್ಲ ಎಂದು ಹೇಳುವ ವಿದ್ಯಾರ್ಥಿಗೆ ಇಂದು ಪದವಿಯೂ ಇಲ್ಲ, ಲೇಖನವೂ ಇಲ್ಲ, ಕೆಲಸವೂ ಇಲ್ಲ. ಪ್ರತಿ ಯೋಜನೆಯ ಹಣದಲ್ಲಿ ಒಂದು ಸಣ್ಣ ಪಾಲನ್ನು ಬೇರೊಂದು ಪ್ರಯೋಗಾಲಯದಲ್ಲಿ ಮರುಅಳತೆ ಮಾಡಿಸಲೆಂದೇ ತೆಗೆದಿಡಬೇಕು. ಆ ಫಲಿತಾಂಶ ಸೋಲಾದರೂ ಗೆಲುವಾದರೂ ಪ್ರಕಟವಾಗಬೇಕು. ವಸ್ತುವಿನ ಒಂದಿಷ್ಟು ಭಾಗ ಕೇಳಿದವರಿಗೆ ಸಿಗುವಂತೆ ಕಾಪಿಡಬೇಕು. ಕುಸಿದ ಚೌಕಟ್ಟಿನ ಎಕ್ಸ್-ರೇ ಚಿತ್ರ ಅಚ್ಚಾಗುವ ಜಾಗ ಒಂದಿದ್ದಿದ್ದರೆ, ಅದೇ ಸತುವಿನ ಪುಡಿಯನ್ನು ನನ್ನ ನಂತರ ಬೇರೆಯವರು ಮತ್ತೆ ತಿಂಗಳುಗಟ್ಟಲೆ ಕಟ್ಟಿ ಕೆಡವಿಕೊಳ್ಳುತ್ತಿರಲಿಲ್ಲ.

ಅರ್ಜಿಯ ನಮೂನೆಯಲ್ಲಿ ಇಂದು ಮೇಲ್ಮೈ ವಿಸ್ತೀರ್ಣಕ್ಕೂ ಗರಿಷ್ಠ ಸಾಮರ್ಥ್ಯಕ್ಕೂ ಇರುವ ಎರಡು ಚೌಕಗಳ ಜಾಗದಲ್ಲಿ, ನಿಜವಾದ ನೀರು ಅಥವಾ ಹೊಗೆಯಲ್ಲಿ, ಒತ್ತಿದ ಗುಳಿಗೆಯ ರೂಪದಲ್ಲಿ, ನೂರು ಸುತ್ತುಗಳ ನಂತರ ಉಳಿದ ಸಾಮರ್ಥ್ಯ ಎಷ್ಟು ಎಂಬ ಒಂದೇ ಚೌಕವಿರಲಿ. ಯೋಜನೆ ಆರಂಭವಾಗುವಾಗ ಆ ಚೌಕ ಖಾಲಿಯಿದ್ದರೂ ತಪ್ಪಲ್ಲ, ಮುಗಿಯುವಾಗ ಖಾಲಿಯಿರಬಾರದು. ಆ ಸಂಖ್ಯೆ ಚಿಕ್ಕದಾಗಿ ಬಂದರೆ, ಅದನ್ನು ಬರೆದವರನ್ನು ಶಿಕ್ಷಿಸಬೇಡಿ.

ನೀಲಿ ಬಣ್ಣ ತೆಗೆದ ನನ್ನ ಆ ಹಳೆಯ ಪುಡಿ ಸುಮಾರು ಎರಡು ಗ್ರಾಂ ಇನ್ನೂ ನನ್ನ ಬಳಿ ಇದೆ. ಈ ಸಲ ಮುಚ್ಚಳ ಬಿಗಿಯಾಗಿದೆ. ಮರುಅಳತೆಗೆ ತಾವು ಒಂದು ವ್ಯವಸ್ಥೆ ಮಾಡುವುದಾದರೆ ಮೊದಲ ಮಾದರಿಯಾಗಿ ಅದನ್ನೂ, ಜೊತೆಗೆ ಆ ಸೋಮವಾರದ ಚಿತ್ರವಿರುವ ಟಿಪ್ಪಣಿ ಪುಸ್ತಕದ ಪ್ರತಿಯನ್ನೂ ಕಳುಹಿಸಿಕೊಡಲು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಸ್ತು ರಸಾಯನಶಾಸ್ತ್ರಜ್ಞೆ